ಹೆದ್ದಾರಿಗೆ ಹುತಾತ್ಮರ ಹೆಸರು: ಇಡುವ ಅಧಿಕಾರ ಯಾರ ಕೈಯಲ್ಲಿದೆ?

ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರರೊಬ್ಬರು ಪ್ರಾಣ ಕಳೆದುಕೊಂಡರೆ ನಮ್ಮಲ್ಲಿ ಎರಡು ಬೇಡಿಕೆ ತಪ್ಪದೆ ಕೇಳಿಬರುತ್ತವೆ. ಕುಟುಂಬಕ್ಕೆ ಪರಿಹಾರ ಕೊಡಿ ಅನ್ನೋದು ಒಂದು. ರಸ್ತೆಗೆ ಅವರ ಹೆಸರಿಡಿ ಅನ್ನೋದು ಇನ್ನೊಂದು. ಪರಿಹಾರಕ್ಕೆ ಯಾರ ಬಾಗಿಲು ತಟ್ಟಬೇಕು ಅಂತ ಎಲ್ಲರಿಗೂ ಗೊತ್ತು. ಹೆಸರಿನ ವಿಷಯದಲ್ಲೇ ಗೊಂದಲ. ಶಾಸಕರು ‘ಮಾಡಿಸೋಣ’ ಅನ್ನುತ್ತಾರೆ. ಸಂಸದರು ದೆಹಲಿಗೆ ಪತ್ರ ಬರೆಯುತ್ತಾರೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಮನವಿಪತ್ರ ಕೊಡುವ ಫೋಟೊ ಪೇಪರಿನಲ್ಲಿ ಬರುತ್ತದೆ. ಆಮೇಲೆ ಸದ್ದಿಲ್ಲ.

ಮೈಸೂರು–ಮಂಡ್ಯ ಕಡೆಯವರಿಗೆ ಈ ಗೊಂದಲ ಹತ್ತಿರದಿಂದ ಪರಿಚಯ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಮುಂಚೆ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ನಾಲ್ವಡಿ ಕೃಷ್ಣರಾಜ ಒಡೆಯರ್ ಹೆಸರಿಡಿ ಎಂದು ಕೇಳಿದ್ದರು. ಆಗ ಮೈಸೂರು ಸಂಸದರಾಗಿದ್ದ ಪ್ರತಾಪ ಸಿಂಹ ಅವರು ಕಾವೇರಿಯ ಹೆಸರು ಬೇಕು ಎಂದಿದ್ದರು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯ ಜಿಲ್ಲೆಗೆ ಬಂದು ರಸ್ತೆ ಉದ್ಘಾಟಿಸಿ ಹೋದರು. ನಾಲ್ವಡಿಯವರ ಹೆಸರೂ ಬರಲಿಲ್ಲ, ಕಾವೇರಿಯ ಹೆಸರೂ ಬರಲಿಲ್ಲ. ಕಾಗದದ ಮೇಲೆ ಅದು ರಾಷ್ಟ್ರೀಯ ಹೆದ್ದಾರಿ 275.

ಇನ್ನೊಂದು ಕಡೆ ನೋಡಿ. 2024ರ ಕೊನೆಯಲ್ಲಿ ಮೈಸೂರು ಮಹಾನಗರ ಪಾಲಿಕೆ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡಲು ಹೊರಟಿತು. ಅದಕ್ಕೆ ದೆಹಲಿಯ ಅನುಮತಿ ಬೇಕಾಗಲಿಲ್ಲ. ಪಾಲಿಕೆಯಲ್ಲೇ ತೀರ್ಮಾನವಾಯಿತು, ಆಕ್ಷೇಪಣೆ ಇದ್ದರೆ 30 ದಿನದಲ್ಲಿ ಹೇಳಿ ಅಂತ ಪ್ರಕಟಣೆ ಹೊರಟಿತು.

ಮಾಜಿ ಮುಖ್ಯಮಂತ್ರಿ ಕೇಳಿದರೂ ಒಂದು ರಸ್ತೆಗೆ ಹೆಸರು ಬರುವುದಿಲ್ಲ. ಇನ್ನೊಂದಕ್ಕೆ ಒಂದು ಸಭೆಯ ತೀರ್ಮಾನವೇ ಸಾಕಾಗುತ್ತದೆ. ಹೀಗೇಕೆ?

ರಸ್ತೆ ಯಾರದೋ ಹೆಸರೂ ಅವರದೇ

ಓಡಾಡುವವರಿಗೆ ಎಲ್ಲವೂ ಡಾಂಬರೇ. ಸರ್ಕಾರದ ಕಡತದಲ್ಲಿ ಮಾತ್ರ ಪ್ರತಿ ರಸ್ತೆಗೂ ಒಬ್ಬ ಯಜಮಾನ ಇರುತ್ತಾನೆ. ಊರೊಳಗಿನ ಬೀದಿ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು.

ಯಜಮಾನಿಕೆ ಬದಲಾಗುವುದೂ ಉಂಟು. ಬೆಂಗಳೂರು–ಮೈಸೂರು ರಸ್ತೆಯೇ ಒಂದು ಕಾಲದಲ್ಲಿ ರಾಜ್ಯ ಹೆದ್ದಾರಿ 17 ಆಗಿತ್ತು. ಆಗ ಅದಕ್ಕೊಂದು ಹೆಸರಿಡುವುದು ವಿಧಾನಸೌಧದ ಮಟ್ಟದಲ್ಲೇ ಮುಗಿಯುವ ಕೆಲಸ. ರಾಷ್ಟ್ರೀಯ ಹೆದ್ದಾರಿಯಾದ ಮೇಲೆ ಆ ಅಧಿಕಾರ ರಾಜ್ಯದ ಕೈಬಿಟ್ಟಿತು. ಇದನ್ನು ಹೇಳದೆ ಭರವಸೆ ಕೊಡುವ ಜನಪ್ರತಿನಿಧಿಗಳೇ ಜಾಸ್ತಿ.

ಹಾಗಾದರೆ ಕೇಂದ್ರಕ್ಕೆ ಅರ್ಜಿ ಹಾಕಬಹುದಲ್ವಾ? ಹಾಕಬಹುದು. ಆದರೆ ಯಾವ ನಿಯಮದಡಿ? 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಹೆದ್ದಾರಿ ಘೋಷಣೆ, ಭೂಸ್ವಾಧೀನ, ನಿರ್ವಹಣೆ, ಶುಲ್ಕ ಎಲ್ಲದಕ್ಕೂ ದಾರಿ ಇದೆ. ವ್ಯಕ್ತಿಯ ಹೆಸರಿಡಲು ಪ್ರತ್ಯೇಕ ವಿಧಾನ ಇಲ್ಲ. ಆ ವ್ಯವಸ್ಥೆಯಲ್ಲಿ ಹೆದ್ದಾರಿಯ ಗುರುತು ಅಂದರೆ ಅದರ ಸಂಖ್ಯೆ.

ಆ ಸಂಖ್ಯೆಯೂ ಸುಮ್ನೆ ಕೊಟ್ಟಿದ್ದಲ್ಲ. 2010ರಲ್ಲಿ ದೇಶದ ಎಲ್ಲ ಹೆದ್ದಾರಿಗಳಿಗೂ ಹೊಸದಾಗಿ ಸಂಖ್ಯೆ ಹಾಕಿದರು. ಉತ್ತರ–ದಕ್ಷಿಣ ಸಾಗುವ ರಸ್ತೆಗಳಿಗೆ ಸಮ ಸಂಖ್ಯೆ, ಪೂರ್ವ–ಪಶ್ಚಿಮದವಕ್ಕೆ ಬೆಸ ಸಂಖ್ಯೆ. ಮೂರಂಕಿ ಇದ್ದರೆ ಅದು ಕವಲು. ಬಂಟ್ವಾಳದಿಂದ ಹಾಸನದ ಮೇಲೆ ಬೆಂಗಳೂರಿಗೆ ಬರುವುದು 75. ಅದೇ ಬಂಟ್ವಾಳದಲ್ಲಿ ಕವಲೊಡೆದು ಮಡಿಕೇರಿ, ಹುಣಸೂರು, ಮೈಸೂರು, ಮಂಡ್ಯ ದಾಟಿ ಬರುವುದು 275. ನಂಜನಗೂಡು, ಗುಂಡ್ಲುಪೇಟೆ ಕಡೆ ಹೋಗುವ 766 ಕೂಡ ಹೀಗೇ 66ರ ಕವಲು. ಅಪಘಾತವಾದಾಗ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದವರಿಗೆ ಬೇಕಾಗುವುದು ಈ ಸಂಖ್ಯೆ ಮತ್ತು ಹತ್ತಿರದ ಕಿಲೋಮೀಟರ್ ಕಲ್ಲು. ಹಾಗಾಗಿ ಹೆಸರು ಬಂದರೂ ಅದು ಸಂಖ್ಯೆಯ ಪಕ್ಕದಲ್ಲಿ ಇರಬಹುದೇ ಹೊರತು ಅದರ ಜಾಗಕ್ಕೆ ಬರುವಂತಿಲ್ಲ.

‘ಮಹಾರಾಷ್ಟ್ರದಲ್ಲಿ ಆಗಿದೆ, ಇಲ್ಲೇಕಿಲ್ಲ?’

ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೆ ಯಶವಂತರಾವ್ ಚವಾಣ್ ಹೆಸರಿದೆ. ಮುಂಬೈ–ನಾಗಪುರದ ಸಮೃದ್ಧಿ ಮಹಾಮಾರ್ಗಕ್ಕೆ ಬಾಳಾಸಾಹೇಬ್ ಠಾಕ್ರೆ ಹೆಸರಿದೆ. ಯಮುನಾ, ಗಂಗಾ ಎಂದು ನದಿಗಳ ಹೆಸರೂ ಇವೆ. ಆದರೆ ಮೊದಲಿನ ಎರಡನ್ನು ಮಹಾರಾಷ್ಟ್ರ ಸರ್ಕಾರದ ನಿಗಮ ಕಟ್ಟಿಸಿತು. ಕೊನೆಯ ಎರಡು ಉತ್ತರ ಪ್ರದೇಶ ಸರ್ಕಾರದ ಯೋಜನೆಗಳು. ರಾಜ್ಯ ಕಟ್ಟಿಸಿದ ರಸ್ತೆಗೆ ರಾಜ್ಯ ಹೆಸರಿಟ್ಟಿತು, ಅಷ್ಟೇ. ನಮ್ಮ 275ಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಕೇಂದ್ರ ಎಂದೂ ಹೆಸರಿಟ್ಟಿಲ್ಲ ಅಂತಲೂ ಅಲ್ಲ. ರೋಹ್ತಾಂಗ್ ಸುರಂಗಕ್ಕೆ ಅಟಲ್ ಬಿಹಾರಿ ವಾಜಪೇಯಿ ಹೆಸರಿಡಲು 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟವೇ ತೀರ್ಮಾನಿಸಿತು. ಜಮ್ಮುವಿನ ಚೆನಾನಿ–ನಾಶ್ರಿ ಸುರಂಗಕ್ಕೆ ಶ್ಯಾಮಪ್ರಸಾದ್ ಮುಖರ್ಜಿ ಹೆಸರು ಬಂತು. ಇಬ್ಬರೂ ದೊಡ್ಡ ರಾಜಕೀಯ ನಾಯಕರು ಎನ್ನುವುದನ್ನು ಗಮನಿಸಿ. ನಿಯಮ ಇಲ್ಲದ ಕಡೆ ಕೆಲಸ ಮಾಡುವುದು ರಾಜಕೀಯ ಇಚ್ಛೆ. ಒಬ್ಬ ರೇಂಜರ್ ಅಥವಾ ಸಬ್‌ಇನ್‌ಸ್ಪೆಕ್ಟರ್ ಹೆಸರಿಗಾಗಿ ಅಷ್ಟು ಇಚ್ಛೆ ಎಲ್ಲಿಂದ ಹುಟ್ಟಬೇಕು?

ವಿಮಾನ ನಿಲ್ದಾಣಗಳದ್ದು ಬೇರೆ ಕಥೆ. ಅಲ್ಲಿ ಒಂದು ರೂಢಿಯಾದ ದಾರಿ ಇದೆ. ರಾಜ್ಯ ವಿಧಾನಸಭೆ ನಿರ್ಣಯ ಮಾಡಿ ಕಳಿಸುತ್ತದೆ, ಕೊನೆಗೆ ಕೇಂದ್ರ ಸಂಪುಟ ಒಪ್ಪಬೇಕು. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಸಭೆ ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ಚೆನ್ನಮ್ಮ, ವಿಜಯಪುರಕ್ಕೆ ಬಸವಣ್ಣ ಎಂದು ಹೀಗೇ ನಿರ್ಣಯ ಮಾಡಿತು. ಅದೇ ಚರ್ಚೆಯಲ್ಲಿ ಮೈಸೂರು ನಿಲ್ದಾಣಕ್ಕೆ ಟಿಪ್ಪು ಹೆಸರಿಡಿ ಎಂಬ ಮಾತು ಬಂದು ಗಲಾಟೆಯೂ ಆಯಿತು. ಜಗಳವಾದರೂ ಅದು ಎಲ್ಲರ ಎದುರು, ದಾಖಲೆಯಲ್ಲಿ ಆಗುತ್ತದೆ. ಹೆದ್ದಾರಿಗೆ ಆ ಮಟ್ಟದ ದಾರಿಯೂ ಇಲ್ಲ.

ಪ್ರಿನ್ಸೆಸ್ ರಸ್ತೆ ಕಲಿಸಿದ್ದು

ಮೈಸೂರಿನ ಜಗಳಕ್ಕೆ ಬರೋಣ. ಕೆಆರ್‌ಎಸ್ ರಸ್ತೆಯ ಆ ಭಾಗವನ್ನು ಹಳೆಯ ಮೈಸೂರಿಗರು ಪ್ರಿನ್ಸೆಸ್ ರಸ್ತೆ ಎಂದೇ ಕರೆಯುತ್ತಾರೆ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಮಕ್ಕಳನ್ನೂ ಅದೇ ಕಾಯಿಲೆ ಬಲಿ ತೆಗೆದುಕೊಂಡಿತು. ಅವರ ನೆನಪಿಗೆ ಎದ್ದದ್ದು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ, ಅಂದರೆ ಪಿಕೆಟಿಬಿ. ಆಸ್ಪತ್ರೆಯ ಎದುರಿನ ರಸ್ತೆಗೂ ಆ ಹೆಸರು ಅಂಟಿಕೊಂಡಿತು.

ಹೊಸ ಹೆಸರಿನ ಪರ ಇದ್ದವರು, ಪಾಲಿಕೆಯ ದಾಖಲೆಯಲ್ಲಿ ಪ್ರಿನ್ಸೆಸ್ ರಸ್ತೆ ಎಂಬುದೇ ಇಲ್ಲ, ಹಾಗಾಗಿ ಇದು ಹೆಸರು ಬದಲಾವಣೆಯೂ ಅಲ್ಲ ಅಂದರು. ವಿರೋಧಿಸಿದವರು ಹಳೆಯ ಕಾಗದಪತ್ರ ಮುಂದಿಟ್ಟರು. ರಾಜಮನೆತನದವರೂ ಆದ ಸಂಸದ ಯದುವೀರ್ ಒಡೆಯರ್ ಆಕ್ಷೇಪ ಎತ್ತಿದರು. ಇನ್ನೂ ಒಂದು ತಕರಾರಿತ್ತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು. ಆಡಳಿತಾಧಿಕಾರಿ ಇರುವಾಗ ಇಂಥ ತೀರ್ಮಾನ ಸರಿಯೇ ಎಂದು ಕೇಳಿದರು.

ಈ ಕೊನೆಯ ತಕರಾರೇ ನನಗೆ ಮುಖ್ಯವಾಗಿ ಕಾಣುತ್ತದೆ. ಹೆಸರಿಡುವುದು ಡಾಂಬರು ಹಾಕಿಸುವಂಥ ಕೆಲಸವಲ್ಲ, ಊರಿನ ಪರವಾಗಿ ಮಾತಾಡುವ ಕೆಲಸ. ಊರು ಆರಿಸಿದವರು ಇಲ್ಲದ ಹೊತ್ತಿನಲ್ಲಿ ಆ ಮಾತಿಗೆ ತೂಕ ಕಡಿಮೆ. ಹೆಸರು ಯಾರದ್ದೇ ಇರಲಿ, ಹುತಾತ್ಮರದ್ದೇ ಇರಲಿ, ಇದು ಬದಲಾಗುವುದಿಲ್ಲ.

ಕೇಂದ್ರ ಗೃಹ ಸಚಿವಾಲಯ 1975ರಲ್ಲೇ ಈ ಬಗ್ಗೆ ಸಲಹೆ ಕಳಿಸಿತ್ತು. ಇರುವ ರಸ್ತೆಯ ಹೆಸರು ಬದಲಿಸಬೇಡಿ, ಅದರಿಂದ ಅಂಚೆಯವರಿಗೂ ಜನರಿಗೂ ಗೊಂದಲ, ಇತಿಹಾಸದ ನೆನಪೂ ಅಳಿಯುತ್ತದೆ; ಗಣ್ಯರ ನೆನಪಿಗೆ ಬೇಕಿದ್ದರೆ ಹೊಸ ರಸ್ತೆಗೆ ಹೆಸರಿಡಿ ಅನ್ನುವುದು ಅದರ ಸಾರ. ಅದು ಕಾನೂನಲ್ಲ, ಸಲಹೆ. ಹಾಗಾಗಿ ಎಲ್ಲ ಪಕ್ಷಗಳೂ ತಮಗೆ ಬೇಕಾದಾಗ ಅದನ್ನು ನೆನಪಿಸುತ್ತವೆ, ಬೇಡದಾಗ ಮರೆಯುತ್ತವೆ.

ಸತ್ತವರು ಯಾರು, ಹೇಗೆ ಸತ್ತರು

ಮೈಸೂರು ಸೀಮೆಯಲ್ಲಿ ಹೆಸರಿಗೆ ಅರ್ಹರಾದವರ ಕೊರತೆ ಇಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದ. ಶರಣಾಗುತ್ತಾನೆ ಎಂದು ನಂಬಿ, ಆಯುಧ ಇಲ್ಲದೆ ಕಾಡಿಗೆ ಹೋಗಿದ್ದರು. ಅವರು ಕೆಲಸ ಮಾಡಿದ ಗೋಪಿನಾಥಂ ಆಗ ಮೈಸೂರು ಜಿಲ್ಲೆಯಲ್ಲೇ ಇತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಶ್ರೀನಿವಾಸ್ ಅವರಿಗೆ ಮರಣೋತ್ತರ ಕೀರ್ತಿಚಕ್ರ ಬಂತು. ಮರುವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಯಲ್ಲಿದ್ದ ಪೊಲೀಸರು ಅದೇ ವೀರಪ್ಪನ್‌ನ ಹೊಂಚಿಗೆ ಬಲಿಯಾದರು. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ 2018ರ ಮಾರ್ಚ್‌ನಲ್ಲಿ ಕಾಡಿನ ಪರಿಶೀಲನೆಯಲ್ಲಿದ್ದಾಗ ಆನೆ ದಾಳಿಗೆ ಸಿಕ್ಕಿ ಸತ್ತರು. ಮದ್ದೂರು ತಾಲ್ಲೂಕು ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಎಚ್. ಗುರು 2019ರ ಫೆಬ್ರವರಿ 14ರ ಪುಲ್ವಾಮಾ ದಾಳಿಯಲ್ಲಿ ಪ್ರಾಣ ಕೊಟ್ಟರು.

ಈ ಸಾಲಿಗೆ ಇನ್ನೊಂದು ಹೆಸರು ಸೇರಬೇಕು. ಕೋಲಾರದ ಚಿನ್ನದ ಗಣಿ ಊರಿನ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಕಡೆ ಕಲಬೆರಕೆ ಪೆಟ್ರೋಲ್ ಬಂಕ್‌ಗಳ ಮೇಲೆ ಕ್ರಮ ಕೈಗೊಂಡಿದ್ದರು. 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಮೈಸೂರಿನಲ್ಲಿ ಓದಿದವರ ಪೈಕಿ ಇಂಥವರೊಬ್ಬರು ಇದ್ದರು ಅಂತ ಈ ಊರಿನ ಎಷ್ಟು ಮಂದಿಗೆ ಗೊತ್ತು?

ಈ ಸಾವುಗಳು ಒಂದೇ ಥರದವಲ್ಲ. ಒಂದರಲ್ಲಿ ದಂತಚೋರ, ಒಂದರಲ್ಲಿ ಭಯೋತ್ಪಾದನೆ, ಒಂದರಲ್ಲಿ ಕಾಡುಪ್ರಾಣಿ, ಒಂದರಲ್ಲಿ ದುಡ್ಡಿನ ದಂಧೆ. ಎಲ್ಲರನ್ನೂ ‘ಹುತಾತ್ಮ’ ಅಂತ ಒಂದೇ ಬೋರ್ಡಿನಲ್ಲಿ ಬರೆದರೆ ಗೌರವ ಸಿಗುತ್ತದೆ, ನಿಜ. ಯಾಕೆ ಸತ್ತರು ಎಂಬುದು ಮಾತ್ರ ಬೋರ್ಡಿನ ಹಿಂದಕ್ಕೆ ಸರಿಯುತ್ತದೆ.

ಪಟ್ಟಿಯಲ್ಲಿ ಯಾರಿಲ್ಲ ಎಂದೂ ನೋಡಬೇಕು. ಮಳೆಯಲ್ಲಿ ಕಂಬ ಹತ್ತಿ ಶಾಕ್ ಹೊಡೆದು ಸಾಯುವ ಲೈನ್‌ಮ್ಯಾನ್, ಮ್ಯಾನ್‌ಹೋಲ್‌ನಲ್ಲಿ ಉಸಿರುಗಟ್ಟುವ ಕಾರ್ಮಿಕ, ದಿನಗೂಲಿ ಮೇಲೆ ಕಾಡು ಕಾಯುವ ವಾಚರ್. ಇವರೂ ಸಾರ್ವಜನಿಕರ ಕೆಲಸ ಮಾಡುತ್ತಲೇ ಸತ್ತವರು. ಇವರಿಗಾಗಿ ಹೆದ್ದಾರಿ ಕೇಳುವವರಿಲ್ಲ. ಗುತ್ತಿಗೆ ನೌಕರ ಅನ್ನುವ ಒಂದೇ ಕಾರಣಕ್ಕೆ ಕೆಲವರಿಗೆ ಪರಿಹಾರವೂ ಸಲೀಸಾಗಿ ಸಿಗುವುದಿಲ್ಲ. ಹೆಸರಿಡುವ ನಿಯಮ ಮಾಡುವ ದಿನ ಬಂದರೆ ಮೊದಲ ಜಗಳ ಇಲ್ಲೇ ಆಗುತ್ತದೆ.

ಹೆದ್ದಾರಿ ಎಂಜಿನಿಯರ್ ಒಬ್ಬರ ಸಾವು

ಹೆದ್ದಾರಿ ಮತ್ತು ಹುತಾತ್ಮ ಎರಡೂ ಒಂದೇ ಕಡೆ ಸೇರುವ ಪ್ರಕರಣ ಸತ್ಯೇಂದ್ರ ದುಬೆ ಅವರದು. ಅವರು ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಡೆಯುತ್ತಿದ್ದ ಅಕ್ರಮ, ಕಳಪೆ ಕೆಲಸದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ನನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಆದರೂ ಪತ್ರ ಹೆಸರು ಸಮೇತ ಇಲಾಖೆಯಿಂದ ಇಲಾಖೆಗೆ ಓಡಾಡಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗೆ ಬಂದವರು ಕೊಂದರು ಎಂಬುದು ಸಿಬಿಐ ತನಿಖೆಯ ನಿಲುವು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕುಟುಂಬದವರಿಗೆ ಆ ವಿವರಣೆ ಒಪ್ಪಿಗೆಯಾಗಲಿಲ್ಲ.

ಅವರ ಸಾವಿನ ನಂತರ ಎದ್ದ ಕೂಗಿನಿಂದ 2004ರಲ್ಲಿ ಒಂದು ಕೆಲಸವಾಯಿತು. ಭ್ರಷ್ಟಾಚಾರದ ಬಗ್ಗೆ ಮಾಹಿತಿ ಕೊಡುವವರ ದೂರನ್ನು ಗುಟ್ಟಾಗಿ ಸ್ವೀಕರಿಸುವ ಅಧಿಕಾರ ಕೇಂದ್ರ ಜಾಗೃತ ಆಯೋಗಕ್ಕೆ ಸಿಕ್ಕಿತು. ಹತ್ತು ವರ್ಷ ಕಳೆದು, 2014ರಲ್ಲಿ, ಇಂಥವರ ರಕ್ಷಣೆಗೆ ಸಂಸತ್ತು ಕಾಯ್ದೆಯನ್ನೇ ಮಾಡಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಆ ಕಾಯ್ದೆ ಜಾರಿಯ ದಿನಾಂಕ ಪ್ರಕಟವಾಗದೆ ಕೂತಿದೆ.

ಒಂದು ಪ್ರಶ್ನೆ. ದುಬೆ ಅವರ ನೆನಪಿಗೆ ಸರ್ಕಾರ ಏನಾದರೂ ಮಾಡುವುದಾದರೆ ಹೆದ್ದಾರಿಗೊಂದು ಬೋರ್ಡು ಮೊದಲೋ, ಆ ಕಾಯ್ದೆ ಜಾರಿ ಮೊದಲೋ? ಬೋರ್ಡಿಗೆ ಯಾರ ವಿರೋಧವೂ ಇರುವುದಿಲ್ಲ, ಅದರಿಂದ ಯಾವ ಗುತ್ತಿಗೆದಾರನಿಗೂ ತೊಂದರೆಯಾಗುವುದಿಲ್ಲ. ಹೆಸರಿಡುವ ಭರವಸೆ ಅಷ್ಟು ಬೇಗ ಬಾಯಿಗೆ ಬರುವುದು ಇದಕ್ಕೇ.

ಪರ ಇರುವವರು ಹೇಳುವುದು

ಹಾಗಂತ ಹೆಸರಿಡಿ ಅನ್ನುವವರ ವಾದ ಟೊಳ್ಳಲ್ಲ. ನಮ್ಮ ರಸ್ತೆಗಳ ಹೆಸರು ಹೆಚ್ಚಾಗಿ ರಾಜರು, ದಿವಾನರು, ಮಂತ್ರಿಗಳು, ಸಿನಿಮಾ ನಟರದ್ದು. ಕೆಳಹಂತದ ನೌಕರರ ಹೆಸರು ಕಾಣಸಿಗುವುದೇ ಕಷ್ಟ. ಇಲಾಖೆಯೊಳಗೆ ಅಕ್ಟೋಬರ್ 21ರಂದು ಪೊಲೀಸ್ ಸಂಸ್ಮರಣಾ ದಿನ, ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ನಡೆಯುತ್ತವೆ. ಗೌರವ ವಂದನೆ ಸಲ್ಲುತ್ತದೆ. ಅದು ಇಲಾಖೆಯವರು ಇಲಾಖೆಯವರಿಗಾಗಿ ಮಾಡುವ ಕಾರ್ಯಕ್ರಮ. ರಸ್ತೆಯ ಹೆಸರಾದರೆ ಹೊರಗಿನವರ ಕಣ್ಣಿಗೂ ಬೀಳುತ್ತದೆ. ಖರ್ಚೂ ಕಡಿಮೆ. ಬೆಂಗಳೂರಿನ ಯಲಹಂಕದಲ್ಲಿ ಮುಂಬೈ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ ಇದೆ. ಅದು ಅವರ ಮನೆಯಿರುವ ಪ್ರದೇಶದ್ದೇ ರಸ್ತೆ. ಹಾಗಾಗಿ ಹೆಸರು ಅಲ್ಲಿ ಪರಕೀಯ ಅನ್ನಿಸುವುದಿಲ್ಲ.

ಅಮೆರಿಕದಲ್ಲಿ ಇದು ದಿನನಿತ್ಯದ ವಿಷಯ. ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಕರ್ತವ್ಯದಲ್ಲಿ ಮಡಿದ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿಯ ಹೆಸರನ್ನು ಹೆದ್ದಾರಿಯ ಸಣ್ಣ ಸಣ್ಣ ತುಂಡುಗಳಿಗೆ ಇಡುತ್ತಾರೆ. ರಾಜ್ಯದ ಎರಡೂ ಸದನ ನಿರ್ಣಯ ಒಪ್ಪಬೇಕು. ಆ ನಿರ್ಣಯದಲ್ಲೇ ಸತ್ತವರು ಎಲ್ಲಿ ಹುಟ್ಟಿದರು, ಏನು ಕೆಲಸ ಮಾಡಿದರು, ಹೇಗೆ ಸತ್ತರು ಎಂದು ಬರೆದಿರುತ್ತದೆ. ಬೋರ್ಡಿನ ಖರ್ಚನ್ನು ಸರ್ಕಾರ ಭರಿಸುವುದಿಲ್ಲ, ದಾನಿಗಳು ಕೊಡಬೇಕು. ಹೆದ್ದಾರಿಯ ಸಂಖ್ಯೆ ಹಾಗೇ ಉಳಿಯುತ್ತದೆ. ಅಲ್ಲಿಂದ ತರಬೇಕಾದ್ದೇನಾದರೂ ಇದ್ದರೆ ಅದು ಈ ಅಳತೆ. ಇಡೀ ಹೆದ್ದಾರಿ ಬೇಡ, ಕೆಲವೇ ಕಿಲೋಮೀಟರ್ ಸಾಕು.

ದೊಡ್ಡ ರಸ್ತೆಯಲ್ಲಿ ಹೆಸರು ಕಳೆದುಹೋಗುತ್ತದೆ

ಸುಮಾರು 118 ಕಿಲೋಮೀಟರ್ ರಸ್ತೆಗೆ ಒಬ್ಬರ ಹೆಸರಿಟ್ಟರೆ ಏನಾಗುತ್ತದೆ? ಮೈಸೂರಿನವರಿಗೆ ಇದಕ್ಕೆ ಉತ್ತರ ಬೇರೆ ಯಾರೂ ಹೇಳಬೇಕಿಲ್ಲ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಜೆಎಲ್‌ಬಿ ರಸ್ತೆಯಾಗಿದೆ. ಕೃಷ್ಣರಾಜಸಾಗರ ಕೆಆರ್‌ಎಸ್ ಆಗಿದೆ. ಮಹಾರಾಜರ ಹೆಸರೇ ಎರಡಕ್ಷರಕ್ಕೆ ಇಳಿಯಿತು ಅಂದಮೇಲೆ ‘ಹುತಾತ್ಮ’ ಅಂತ ಶುರುವಾಗಿ ‘ಸ್ಮಾರಕ ರಾಷ್ಟ್ರೀಯ ಹೆದ್ದಾರಿ’ ಅಂತ ಮುಗಿಯುವ ಉದ್ದನೆಯ ಹೆಸರು ಎಷ್ಟು ದಿನ ಬಾಳೀತು? ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಷ್ ಹೆಸರಿಟ್ಟರು. ಮಂಡ್ಯದವರ ಅಭಿಮಾನಕ್ಕೇನೂ ಕೊರತೆಯಿಲ್ಲ. ಆದರೂ ಆಟೊ ಹತ್ತಿದರೆ ಬಾಯಿಗೆ ಬರುವುದು ರೇಸ್‌ಕೋರ್ಸ್ ರಸ್ತೆಯೇ.

ಎಕ್ಸ್‌ಪ್ರೆಸ್‌ವೇಗೆ ಇನ್ನೊಂದು ತೊಡಕಿದೆ. ಅಲ್ಲಿ ಯಾರೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವವರು ಬೋರ್ಡಿನ ಮೇಲಿನ ಹೆಸರು ಓದಬಹುದು, ಮನುಷ್ಯನ ಬಗ್ಗೆ ತಿಳಿಯಲಾಗುವುದಿಲ್ಲ. 2023ರ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ಅಂದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಎಷ್ಟೋ ಊರಿನ ಜನರೇ ಆ ರಸ್ತೆಗೆ ಹತ್ತುವಂತಿಲ್ಲ. ತಮ್ಮ ಊರಿನ ಯೋಧನ ಹೆಸರನ್ನು ಸರ್ವಿಸ್ ರಸ್ತೆಯಿಂದ ಇಣುಕಿ ನೋಡಬೇಕಾಗುತ್ತದೆ!

ಪುತ್ಥಳಿ ಮಾಡಿಸೋಣ ಅನ್ನುವವರೂ ಇದ್ದಾರೆ. ಅದಕ್ಕೆ ಸುಪ್ರೀಂ ಕೋರ್ಟಿನ ಅಡ್ಡಿ ಇದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಬದಿಯಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದು ಎಂದು 2013ರ ಜನವರಿಯಲ್ಲಿ ಕೋರ್ಟ್ ರಾಜ್ಯಗಳಿಗೆ ಹೇಳಿತು. ರಾಷ್ಟ್ರೀಯ ಹೆದ್ದಾರಿಯ ಜಾಗವಾದರೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯೂ ಇದೆ. ಅನುಮತಿ ಇಲ್ಲದೆ ಅಲ್ಲಿ ಏನನ್ನು ನಿಲ್ಲಿಸಿದರೂ ಅದು ಒತ್ತುವರಿ. ಅಭಿಮಾನಿಗಳು ರಾತ್ರೋರಾತ್ರಿ ನೆಟ್ಟ ಬೋರ್ಡನ್ನು ಬೆಳಿಗ್ಗೆ ಪೊಲೀಸರು ಕೀಳುವ ಪರಿಸ್ಥಿತಿ ಬಂದರೆ ಅವಮಾನ ಯಾರಿಗೆ? ಆ ಕುಟುಂಬಕ್ಕೇ.

ಹಾಗಾದರೆ ಎಲ್ಲಿ ಇಡಬಹುದು

ಕೈಗೆಟುಕುವ ದಾರಿಗಳಿವೆ. ಊರಿನ ರಸ್ತೆ, ಸರ್ಕಲ್, ಬಸ್ ನಿಲ್ದಾಣ, ಶಾಲೆಯ ಕೊಠಡಿ ಇವಕ್ಕೆಲ್ಲ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ನಿರ್ಣಯದಿಂದ ಕೆಲಸ ಶುರುವಾಗುತ್ತದೆ. ಯೋಧ ಗುರು ಅವರಂಥವರ ಹೆಸರಿಗೆ 275ಕ್ಕಿಂತ ಅವರ ಊರಿಗೆ ತಿರುಗುವ ರಸ್ತೆಯೇ ಹೊಂದುತ್ತದೆ. ಆ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಯಾರು ಅಂತ ಹೇಳಲು ಊರಲ್ಲಿ ಜನ ಇರುತ್ತಾರೆ.

ಮಣಿಕಂದನ್ ಅವರ ವಿಷಯದಲ್ಲಿ ಕಾಡಿನ ನಡುವೆ ಹಾದುಹೋಗುವ ಮೈಸೂರು–ಮಾನಂದವಾಡಿ ರಸ್ತೆ ನೆನಪಾಗಬಹುದು. ಆದರೆ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ಬೋರ್ಡು ಕಂಡು ಸೆಲ್ಫಿಗೆ ನಿಲ್ಲುವವರು ಶುರುವಾದರೆ ಅವರು ಕಾಪಾಡಲು ಹೋದ ಕಾಡಿಗೇ ಕಾಟ. ಅದಕ್ಕಿಂತ ಕಳ್ಳಬೇಟೆ ತಡೆ ಶಿಬಿರಗಳಿಗೆ ಅವರ ಹೆಸರಿಟ್ಟು, ಅಲ್ಲಿನ ವಾಚರ್‌ಗಳಿಗೆ ವಿಮೆ, ವಾಕಿಟಾಕಿ, ಸರಿಯಾದ ಜೀಪು ಕೊಟ್ಟರೆ ಹೆಸರಿಗೂ ಒಂದು ಕೆಲಸ ಸಿಗುತ್ತದೆ.

ಮೈಸೂರಿಗೆ ಇನ್ನೊಂದು ಅನುಕೂಲ ಇದೆ. ಕರ್ನಾಟಕ ಪೊಲೀಸ್ ಅಕಾಡೆಮಿ ಇಲ್ಲಿದೆ, ಆಡಳಿತ ತರಬೇತಿ ಸಂಸ್ಥೆಯೂ ಇಲ್ಲೇ ಇದೆ. ಹೊಸದಾಗಿ ಸೇರಿದ ಸಬ್‌ಇನ್‌ಸ್ಪೆಕ್ಟರ್‌ಗಳು, ಕೆಎಎಸ್ ಅಧಿಕಾರಿಗಳು ಕಲಿಯಲು ಬರುವ ಜಾಗಗಳಿವು. ಅಲ್ಲಿನ ಒಂದು ಸಭಾಂಗಣಕ್ಕೆ ಶಕೀಲ್ ಅಹಮದ್ ಹೆಸರಿಟ್ಟು, ಮೀಣ್ಯಂನಲ್ಲಿ ಎಲ್ಲಿ ಎಡವಟ್ಟಾಯಿತು ಎಂದು ಪಾಠ ಮಾಡಬಹುದು. ಮಂಜುನಾಥ್ ಹೆಸರಿನಲ್ಲಿ ತಪಾಸಣೆಗೆ ಒಬ್ಬರೇ ಹೋಗಬಾರದೇಕೆ ಎಂದು ಕಲಿಸಬಹುದು. ಇದಕ್ಕೆ ದೆಹಲಿಯ ಅನುಮತಿ ಬೇಡ, ಗೆಜೆಟ್ ಅಧಿಸೂಚನೆ ಬೇಡ.

ಹೆದ್ದಾರಿಗೇ ಹೆಸರು ಬೇಕು ಎಂಬ ಹಟವಿದ್ದರೆ, ಕೇಂದ್ರದ ಮುಂದೆ ಮೊದಲು ಇಡಬೇಕಾದ್ದು ಒಬ್ಬರ ಹೆಸರನ್ನಲ್ಲ, ಒಂದು ನಿಯಮದ ಬೇಡಿಕೆಯನ್ನು. ಎಷ್ಟು ಉದ್ದದ ತುಂಡು, ಸಾವಾಗಿ ಎಷ್ಟು ವರ್ಷದ ಮೇಲೆ, ಯಾರ ನಿರ್ಣಯ, ಕುಟುಂಬದ ಒಪ್ಪಿಗೆ ಹೇಗೆ, ಗುತ್ತಿಗೆ ನೌಕರರೂ ಸೇರುತ್ತಾರೋ ಇಲ್ಲವೋ, ಮಾಸಿದ ಬೋರ್ಡಿಗೆ ಬಣ್ಣ ಹೊಡೆಸುವವರು ಯಾರು. ಕೆಲವು ವರ್ಷ ಕಾಯಬೇಕೆಂಬ ಷರತ್ತು ಕುಟುಂಬಕ್ಕೆ ಕಠಿಣ ಅನ್ನಿಸಬಹುದು. ಆದರೆ ದುಬೆ ಪ್ರಕರಣದಲ್ಲಿ ಕೋರ್ಟಿನ ತೀರ್ಪು ಬರಲು ಆರು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೊದಲ ವಾರದ ಸಿಟ್ಟಿನಲ್ಲಿ ಬರೆಸಿದ ಫಲಕದ ಒಕ್ಕಣೆಯನ್ನು ಆಮೇಲೆ ತಿದ್ದುವುದು ಯಾರಿಗೂ ಶೋಭೆಯಲ್ಲ.

ಅಂಥ ನಿಯಮ ಬರುವವರೆಗೆ ಸಂಸದರ ಪತ್ರಗಳು ದೆಹಲಿಗೆ ಹೋಗುತ್ತಲೇ ಇರುತ್ತವೆ, ‘ಪರಿಶೀಲಿಸಲಾಗುವುದು’ ಎಂಬ ಉತ್ತರವೂ ಬರುತ್ತಿರುತ್ತದೆ. ಹಾಗಾಗಿ ಮುಂದಿನ ಸಲ ಯಾರಾದರೂ ವೇದಿಕೆಯ ಮೇಲೆ ನಿಂತು ಹೆದ್ದಾರಿಗೆ ಹುತಾತ್ಮರ ಹೆಸರಿಡಿಸುತ್ತೇವೆ ಅಂದಾಗ, ಯಾವ ಸಂಖ್ಯೆಯ ರಸ್ತೆ ಮತ್ತು ಅದು ಯಾವ ಇಲಾಖೆಯದ್ದು ಅಂತ ಅಲ್ಲೇ ಕೇಳಿಬಿಡಿ.